ಮಾಹಿಮ್ ಖಾಡಿ: ಬಳಕೆದಾರರ ಕೈಪಿಡಿ



ತೇಲುವ ಪ್ಲಾಸ್ಟಿಕ್ ಚೂರುಗಳನ್ನು ಕೂಡಿಹಾಕಲು ತಾವು ಮುಂಬಯಿಯ ಅಳಿವೆಗಳಲ್ಲೊಂದಾದ ಮಾಹಿಮ್ ಖಾಡಿಯನ್ನು ಆರಿಸಿಕೊಂಡದ್ದು ಸಂತೋಷ. ಆರಿಸಿಕೊಂಡ ನೆನಪೇ ಇಲ್ಲವಲ್ಲ ಎಂದು ತಲೆ ಕೆರೆದುಕೊಳ್ಳಬೇಡಿ. ಸಾಕಿನಾಕಾ, ಕುರ್ಲಾ, ಕಲೀನಾ, ಧಾರಾವಿ, ಬಾಂದ್ರಾ ಪೂರ್ವ, ಇಷ್ಟರಲ್ಲಿ ಎಲ್ಲಾದರೂ ಒಂದು ಖೋಲಿ ಹಿಡಿದ ದಿನವೇ ತಮಗೆ ಸಂಪರ್ಕ ಸಿಕ್ಕಾಗಿದೆ. ಪಗಡಿ ಇಲ್ಲ, ಠೇವಣಿ ಇಲ್ಲ, ತಿಂಗಳ ಬಿಲ್ಲೂ ಇಲ್ಲ. ವರ್ಸೋವಾ, ಮಲಾಡ್ ಕಡೆಯವರಿಗೆ ಮಲಾಡ್ ಖಾಡಿ ಇದೆ. ಮುಲುಂಡ್, ವಿಕ್ರೋಲಿ, ಗೋವಂಡಿಯವರಿಗೆ ಠಾಣೆ ಖಾಡಿ. ಭಾಯಂದರ, ವಸಯಿಯವರಿಗೆ ಉಲ್ಹಾಸ್ ನದಿಯ ಅಳಿವೆ. ಮಾದರಿ ಬೇರೆ, ಕೆಲಸ ಒಂದೇ. ಈ ಕೈಪಿಡಿ ಎಲ್ಲದಕ್ಕೂ ನಡೆಯುತ್ತದೆ.

ಪೂರ್ತಿ ಓದಿದ ಮೇಲೆಯೇ ಬಳಸಲು ಆರಂಭಿಸಿ ಎಂದು ಬರೆಯುವುದು ರೂಢಿ. ತಾವು ಬೆಳಿಗ್ಗೆ ಹಾಲು ಕಾಯಿಸುವಾಗಲೇ ಆರಂಭಿಸಿಬಿಟ್ಟಿರುವುದರಿಂದ ಆ ಸಾಲನ್ನು ಕೈಬಿಟ್ಟಿದ್ದೇವೆ.

ಯಂತ್ರದ ಪರಿಚಯ

ವಿಹಾರ್ ಮತ್ತು ಪವಾಯಿ ಕೆರೆಗಳು ಮಳೆಗಾಲದಲ್ಲಿ ತುಂಬಿ ಕೋಡಿ ಹರಿದ ನೀರು ಸೇರಿ ಮಿಠಿ ನದಿ. ಅಲ್ಲಿಂದ ಮಾಹಿಮ್ ಖಾಡಿಯ ತನಕ ಸುಮಾರು 18 ಕಿಲೋಮೀಟರ್. ದಾರಿಯಲ್ಲಿ ವರ್ಕ್‌ಶಾಪುಗಳು, ವಿಮಾನ ನಿಲ್ದಾಣದ ರನ್‌ವೇಯ ಅಡಿಭಾಗ, ಕುರ್ಲಾದ ಗುಜರಿ ಗಲ್ಲಿಗಳು, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳ ಹಿತ್ತಿಲು, ಧಾರಾವಿಯ ಅಂಚು. ಮಳೆ ನಿಂತ ಮೇಲೆ ಇದರಲ್ಲಿ ಹರಿಯುವುದು ಬಹುಪಾಲು ನಗರದ ಚರಂಡಿ ನೀರು. ಕೊನೆಯಲ್ಲಿ 1845ರಲ್ಲಿ ಕಟ್ಟಿದ ಮಾಹಿಮ್ ಕಾಜ್‌ವೇ ಖಾಡಿಯ ಕೊರಳು ಹಿಡಿದು ನಿಂತಿದೆ. ಆಮೇಲೆ ಬಾಂದ್ರಾದ ಬದಿಯಲ್ಲಿ ಕಡಲನ್ನೇ ತುಂಬಿ ನೆಲ ಮಾಡಿದರು, ಒಳಗೆ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದಿದ್ದ ಜೌಗು ತುಂಬಿ ಬ್ಯಾಂಕು, ಬಜಾರು ಕಟ್ಟಿದರು. ಹೀಗೆ ಒಳಗಿನ ಬಯಲೂ ಹೊರಗಿನ ಬಾಯಿಯೂ ಎರಡೂ ಕಿರಿದಾದವು. ಯಂತ್ರ ಈಗಿನ ಕ್ಷಮತೆಗೆ ಬಂದದ್ದು ಈ ಸುಧಾರಣೆಗಳಿಂದ.

ಮೋಟಾರು ಯಾವುದು ಎಂದು ಕೇಳುವವರಿಗೆ: ಭರತ ಮತ್ತು ಇಳಿತ. ದಿನಕ್ಕೆ ಎರಡೆರಡು ಸಲ, ರಜೆಯಿಲ್ಲ, ಲೋಡ್‌ಶೆಡ್ಡಿಂಗ್ ಇಲ್ಲ. ಅಪೋಲೊ ಬಂದರಿನಲ್ಲಿ 1878ರಿಂದ ಇದರ ಏರಿಳಿತವನ್ನು ಅಳೆದು ಬರೆದಿಡುತ್ತ ಬಂದಿದ್ದಾರೆ. ನಮ್ಮ ಮಂಗಳೂರಿನ ಉಳ್ಳಾಲ-ಬೆಂಗ್ರೆಯ ಅಳಿವೆ ಬಾಗಿಲಲ್ಲಿ ನೀರು ಒಂದೂವರೆ ಮೀಟರು ಏರಿಳಿದರೆ ಅದೇ ಹೆಚ್ಚು. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಾಲ್ಕು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಇಲ್ಲಿನ ಕಡಲ ತಳ ನೂರಾರು ಕಿಲೋಮೀಟರ್ ದೂರದವರೆಗೂ ಆಳವಿಲ್ಲದ ಜಗಲಿ. ಆಳದಲ್ಲಿ ಸುಮ್ಮನೆ ಸಾಗಿಬಂದ ಭರತದ ಅಲೆ ಈ ಜಗಲಿ ಹತ್ತಿದ ಮೇಲೆ ಎತ್ತರವಾಗುತ್ತದೆ, ಖಂಭಾತ್ ಕೊಲ್ಲಿಯ ಕಡೆ ಸಾಗಿದಂತೆ ಇನ್ನೂ ಎತ್ತರ. ಕೋಲಿ ಮೀನುಗಾರರ ಕೋಲಿವಾಡೆಯಲ್ಲಿ ದೊಡ್ಡ ಭರತಕ್ಕೆ ಉಧಾಣ್ ಅನ್ನುತ್ತಾರೆ, ಅಷ್ಟಮಿಯ ಹೊತ್ತಿನ ಸಪ್ಪೆ ಭರತಕ್ಕೆ ಭಾಂಗ್. ಯಂತ್ರ ಜೋರಾಗಿ ಓಡಬೇಕೆಂದರೆ ಉಧಾಣ್ ನೋಡಿಕೊಳ್ಳಿ.

ಹೆಚ್ಚಿನ ಗ್ರಾಹಕರು ತಪ್ಪು ತಿಳಿದಿರುವ ಸಂಗತಿಯೊಂದಿದೆ. ನಾಲೆಗೆ ಎಸೆದದ್ದು ನದಿಗೆ, ನದಿಯದ್ದು ಕಡಲಿಗೆ, ಕಡಲಿನದ್ದು ಎಲ್ಲಿಗೋ, ಅಲ್ಲಿಗೆ ಲೆಕ್ಕ ಚುಕ್ತಾ ಎಂಬ ನಂಬಿಕೆ ಇದೆ. ಇದು ಸಾಗಣೆಯ ಯಂತ್ರವಲ್ಲ, ಕೂಡಿಡುವ ಯಂತ್ರ. ಇಳಿತದಲ್ಲಿ ಕೆಲವು ಕಿಲೋಮೀಟರ್ ಹೊರಗೆ ಹೋದ ಚೂರು ಆರು ತಾಸಿನ ನಂತರ ಭರತದೊಂದಿಗೆ ಹೆಚ್ಚುಕಡಿಮೆ ಅಷ್ಟೇ ದೂರ ಹಿಂದಕ್ಕೆ ಬರುತ್ತದೆ. ಹೊರಕ್ಕೆ ನೂಕಲು ನದಿಯಲ್ಲಿ ಜೋರು ನೀರು ಬೇಕು, ಅದು ಮಳೆಗಾಲದಲ್ಲಿ ಮಾತ್ರ ಉಂಟು. ಮಳೆಗಾಲದಲ್ಲಾದರೆ ನೈರುತ್ಯದ ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ. ಅಂದರೆ ನೂಕುವವನು ಬಂದಾಗಲೇ ತಡೆಯುವವನೂ ಬರುತ್ತಾನೆ. ವ್ಯವಸ್ಥೆ ಅಷ್ಟು ಪಕ್ಕಾ.

ಕಚ್ಚಾಮಾಲು

ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಿ. ಕತ್ತರಿಯಿಂದ ಅದರ ಒಂದು ಮೂಲೆಯನ್ನು ಪೂರ್ತಿಯಾಗಿ ಕತ್ತರಿಸಿ ಬೇರ್ಪಡಿಸಿ. ಮೂಲೆಯನ್ನು ಅರ್ಧ ಸೀಳಿ ಅಂಟಿಕೊಂಡಿರುವಂತೆ ಬಿಡುವುದು ಕೆಲವು ಮನೆಗಳಲ್ಲಿ ಅತ್ತೆಯಂದಿರು ಕಲಿಸಿದ ಕೆಟ್ಟ ಚಾಳಿ, ಅದರಿಂದ ಮೂಲೆ ಚೀಲದ ಜೊತೆಗೇ ಉಳಿದುಬಿಡುತ್ತದೆ. ಬೇರ್ಪಟ್ಟ ಮೂಲೆಯನ್ನು ನೋಡಿ: ಕಿರುಬೆರಳಿನ ಉಗುರಿನಷ್ಟು ತ್ರಿಕೋನ, ಒಂದು ಬದಿಯಲ್ಲಿ ಬೆಸುಗೆಯ ದಪ್ಪ ಗೆರೆ, ನೀಲಿ ಮಸಿಯ ತುದಿ, ಒಳಗೆ ಒಂದು ತೊಟ್ಟು ಹಾಲು. ತೊಳೆದು ಒಣಗಿಸಿದ ಖಾಲಿ ಚೀಲಕ್ಕೆ ಕಬಾಡಿಯವನ ತಕ್ಕಡಿಯಲ್ಲಿ ಬೆಲೆ ಇದೆ. ಈ ಮೂಲೆಗೆ ಇಲ್ಲ. ಇದಕ್ಕಾಗಿ ಯಾರೂ ಸೊಂಟ ಬಗ್ಗಿಸುವುದಿಲ್ಲ. ಸಿಂಕಿನ ಜಾಲರಿಯಲ್ಲಿ ಕೂತರೆ ಬೆರಳಿನಿಂದ ಒತ್ತಿ ಕೆಳಗಿಳಿಸಿ.

ಮಾಲು ಆರಿಸುವಾಗ ಎರಡೇ ಗುಣ ನೋಡಬೇಕು: ತೇಲಬೇಕು, ಬೆಲೆ ಇರಬಾರದು.

ತೇಲುವುದು ಸಾಂದ್ರತೆಯ ಮಾತು. ಕಡಲ ನೀರಿನ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.025 ಗ್ರಾಂ. ಹಾಲಿನ ಚೀಲದ ಪಾಲಿಥೀನ್ 0.92ರ ಹತ್ತಿರ, ಅಕ್ಕಿ ಗೋಣಿ ಮತ್ತು ದೋಣಿ ಹಗ್ಗದ ಪಾಲಿಪ್ರೊಪಿಲೀನ್ 0.9. ಇವು ತೇಲುತ್ತವೆ. ನೀರಿನ ಬಾಟಲಿಯ ಪೆಟ್ 1.38, ಪಿವಿಸಿ ಅದಕ್ಕೂ ತುಸು ಹೆಚ್ಚು, ನೈಲಾನ್ 1.14. ಇವು ಮುಳುಗುತ್ತವೆ. ಬಾಟಲಿ ತೇಲುವುದು ಮುಚ್ಚಳ ಹಾಕಿ ಒಳಗೆ ಗಾಳಿ ಉಳಿದಿದ್ದರೆ ಮಾತ್ರ. ಮುಚ್ಚಳದ ಪ್ಲಾಸ್ಟಿಕ್ಕೇ ಬೇರೆ, ಅದು ಯಾರ ಹಂಗೂ ಇಲ್ಲದೆ ತೇಲುತ್ತದೆ. ಬಾಟಲಿಗೆ ಬೆಲೆ ಇದೆ, ಹೆಕ್ಕುವವರಿದ್ದಾರೆ. ದಡದಲ್ಲಿ ಬಾಟಲಿಯಿಲ್ಲದ ಮುಚ್ಚಳಗಳು ಅಷ್ಟೊಂದು ಬಿದ್ದಿರುವುದು ಈ ಎರಡೂ ಕಾರಣಗಳಿಂದ.

ಬೆಲೆಯ ಮಾತು ಇನ್ನೂ ಮುಖ್ಯ. ಶಾಂಪೂ ಸ್ಯಾಶೆ, ಗುಟ್ಕಾ ಪೊಟ್ಟಣ, ಚಿಪ್ಸ್ ಚೀಲ, ಇವೆಲ್ಲ ಎರಡು ಮೂರು ಬಗೆಯ ಪದರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದವು. ಬಿಡಿಸಿ ಕರಗಿಸುವ ಖರ್ಚು ಹುಟ್ಟುವುದಿಲ್ಲ, ಹಾಗಾಗಿ ಕೊಳ್ಳುವವರಿಲ್ಲ. ಧಾರಾವಿಯ ಗುಜರಿ ಕೇರಿಯಾದ 13ನೇ ಕಂಪೌಂಡಿಗೆ ಹೋಗಿ ನೋಡಿದರೆ ಬಣ್ಣಬಣ್ಣದ ಬಕೆಟ್ಟು, ಕ್ಯಾನು, ಸಿರಿಂಜು, ಕುರ್ಚಿ ಕಾಲು, ಎಲ್ಲ ಬೇರೆಬೇರೆ ರಾಶಿ. ಕೈಯಲ್ಲಿ ಮುರಿದು, ಸುಟ್ಟು ವಾಸನೆ ನೋಡಿ ಯಾವ ಜಾತಿಯ ಪ್ಲಾಸ್ಟಿಕ್ ಎಂದು ಹೇಳುವವರು ಅಲ್ಲಿದ್ದಾರೆ. ಮುಂಬಯಿಯ ಪ್ಲಾಸ್ಟಿಕ್ ಬಹಳಷ್ಟು ಖಾಡಿಗೆ ಹೋಗದೆ ಉಳಿದಿರುವುದು ಇವರಿಂದ. ಪುರಸಭೆಗಳ ಫಲಕಗಳಿಗಿಂತ ಈ ತಕ್ಕಡಿಗಳ ಮೇಲೆ ನನಗೆ ಭರವಸೆ ಹೆಚ್ಚು. ಆದರೂ ಯಂತ್ರದ ದೃಷ್ಟಿಯಿಂದ ಇವರ ಕೊಡುಗೆಯೂ ಸೊನ್ನೆಯಲ್ಲ. ಪುಡಿ ಮಾಡುವಾಗ ಹಾರಿದ ಚೂರು, ತೊಳೆದ ನೀರು, ಕರಗಿಸಿ ಎಳೆದು ಕತ್ತರಿಸಿದ ದಾಣಾ, ಸ್ವಲ್ಪ ಗಲ್ಲಿಯ ಗಟಾರಕ್ಕೆ ಇಳಿಯುತ್ತದೆ. ದಾಣಾ ಅಂದರೆ ಸಾಬಕ್ಕಿ ಗಾತ್ರದ ಪ್ಲಾಸ್ಟಿಕ್ ಕಾಳು. ಹೊಸ ಮಾಲಿನ ದಾಣಾ ಹಡಗುಗಳಲ್ಲೂ ಸಾಗುತ್ತದೆ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯಾಚೆ ಮುಳುಗಿದ ಮೇಲೆ ಕೇರಳದ ದಡಗಳಿಗೆ ಚೀಲಗಟ್ಟಲೆ ಬಂದು ಬಿದ್ದದ್ದು ಇದೇ.

ಕನ್ನಡಿಗರು ಈ ಯಂತ್ರಕ್ಕೆ ಏನು ಮಾಡಿದ್ದಾರೆ ಎಂದು ಕೇಳಿದರೆ ತಲೆ ತಗ್ಗಿಸಬೇಕಿಲ್ಲ. ನಮ್ಮ ಹೋಟೆಲುಗಳ ಪಾರ್ಸೆಲ್ ಕೌಂಟರಿನ ಮುಂದೆ ಸಂಜೆ ನಿಲ್ಲಿ.

“ಶೆಟ್ರೇ, ಸಾಂಬಾರಿಗೆ ಡಬ್ಬ ತಂದಿದ್ದೇನೆ.”

“ಡಬ್ಬ ಯಾಕೆ ಮಾರಾಯ್ರೇ? ಕಟ್ಟಿ ಕೊಡ್ತೇವಲ್ಲ.”

“ಬೇಡ, ಇದರಲ್ಲೇ ಹಾಕಿ.”

“ಹಾಗಾದರೆ ಚಟ್ನಿಯಾದರೂ ಕಟ್ಟಿ ಕೊಡ್ತೇನೆ, ಡಬ್ಬಕ್ಕೆ ಎರಡೂ ಹಾಕಿದರೆ ರುಚಿ ಹೋಗ್ತದೆ.”

ಚೀಲದ ಬಾಯಿಗೆ ದಾರ ಸುತ್ತಿ ಎಳೆದು ಹಾಕುವ ಆ ಗಂಟು ಬಿಚ್ಚಲು ಬರುವಂಥದ್ದಲ್ಲ. ಮನೆಯಲ್ಲಿ ಕತ್ತರಿಸಲೇಬೇಕು. ಮತ್ತೊಂದು ಮೂಲೆ ತಯಾರು.

ಇನ್ನೊಂದು ಹೆಸರನ್ನೂ ಇಲ್ಲಿ ನೆನೆಯಬೇಕು. ಮುಂಬಯಿ ಕನ್ನಡದ ದೊಡ್ಡ ಕಾದಂಬರಿಕಾರ ಯಶವಂತ ಚಿತ್ತಾಲರು ಹೊಟ್ಟೆಪಾಡಿಗೆ ಮಾಡಿದ್ದು ಪ್ಲಾಸ್ಟಿಕ್ಕಿನ ಕೆಲಸ. ಪಾಲಿಮರ್ ತಂತ್ರಜ್ಞಾನ ಕಲಿತು ಬೇಕಲೈಟ್ ಕಂಪನಿಯಲ್ಲಿ ದುಡಿದವರು. ಆದರೆ ಬೇಕಲೈಟ್ ಕಡಲ ನೀರಿಗಿಂತ ಭಾರ, ತೇಲುವುದಿಲ್ಲ. ಹಾಗಾಗಿ ಅವರ ಕೊಡುಗೆಯನ್ನು ಈ ಕೈಪಿಡಿಗೆ ಸೇರಿಸಿಕೊಳ್ಳಲು ಬರುವುದಿಲ್ಲ.

ಜೋಡಣೆ

ಅಕ್ಟೋಬರಿನಿಂದ ಮೇ ತನಕ ಮಾಲನ್ನು ನಾಲೆಯಲ್ಲಿ ಶೇಖರಿಸಿ. ಅವಸರ ಬೇಡ. ಹಾಲಿನ ಮೂಲೆ ಬಚ್ಚಲ ನೀರಿನ ಜೊತೆ ಗಟಾರಕ್ಕೆ ಬಂದು, ರಾಡಿಯ ಮೇಲೆ ಕೂತು, ಒಣಗಿ, ಬಿಸಿಲು ಕಾಯುತ್ತ ಇರಲಿ. ಮೇ ತಿಂಗಳಲ್ಲಿ ಪಾಲಿಕೆಯ ನಾಲೆ ಸಫಾಯಿ ನಡೆಯುತ್ತದೆ. ತೆಗೆದ ಹೂಳನ್ನು ಒಣಗಲೆಂದು ನಾಲೆಯ ದಂಡೆಯ ಮೇಲೇ ಬಿಟ್ಟಿದ್ದರೆ ಚಿಂತೆ ಇಲ್ಲ, ಜೂನಿನ ಮೊದಲ ಮಳೆ ಅದನ್ನು ಮರಳಿ ಒಳಗೆ ತಳ್ಳುತ್ತದೆ. ಇಡೀ ವರ್ಷದ ಮಾಲು ಕೆಲವೇ ದಿನಗಳಲ್ಲಿ ಖಾಡಿಗೆ ಇಳಿಯುವುದು ಆ ಮೊದಲ ದೊಡ್ಡ ಮಳೆಗಳಲ್ಲಿ.

ಹೆಚ್ಚು ಒತ್ತಡ ಹಾಕಿದರೆ ಯಂತ್ರ ಹಿಂದಕ್ಕೆ ಕಕ್ಕುವ ಅಪಾಯವಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಮೇಲಿಂದ ಮಿಠಿ, ಕೆಳಗಿಂದ ಭರತ, ನಡುವೆ ಗಂಟಲು ಕಟ್ಟಿದ ನಾಲೆಗಳು. ಕಲೀನಾ, ಕುರ್ಲಾಗಳಲ್ಲಿ ನೀರು ಒಂದಾಳು ಏರಿತು, ನಗರ ಮತ್ತು ಸುತ್ತಲಿನಲ್ಲಿ ನೂರಾರು ಜನ ಸತ್ತರು. ನಾಲೆ ಕಟ್ಟಿದ ಆರೋಪ ಪ್ಲಾಸ್ಟಿಕ್ ಚೀಲದ ಮೇಲೆ ಬಂತು, 2006ರಲ್ಲಿ ಮಹಾರಾಷ್ಟ್ರ 50 ಮೈಕ್ರಾನಿಗಿಂತ ತೆಳುವಾದ ಚೀಲ ಬೇಡವೆಂದು ನಿಯಮ ತಂದಿತು. ಈ ಸಂಗತಿಯನ್ನು ತಮಾಷೆಯ ಕೈಪಿಡಿಯಲ್ಲಿ ಹೇಳಬಾರದು ಅನ್ನಿಸುತ್ತದೆ, ಆದರೆ ಬಿಟ್ಟರೆ ಯಂತ್ರದ ವಿವರಣೆ ಅಪೂರ್ಣ.

ಮುಂಬಯಿಯ ಮಳೆನೀರು ಕಡಲಿಗೆ ಬೀಳುವ ಬಾಯಿಗಳು 186. ಅವುಗಳಲ್ಲಿ 45 ಸರಾಸರಿ ಕಡಲ ಮಟ್ಟಕ್ಕಿಂತಲೂ ಕೆಳಗೆ. 135 ಅದಕ್ಕಿಂತ ಮೇಲಿದ್ದರೂ ಭರತದ ಮಟ್ಟಕ್ಕಿಂತ ಕೆಳಗೆ. ಭರತ ಬಂದರೂ ಮುಳುಗದವು ಆರೇ ಆರು. ಅಂದರೆ ಭರತದ ಹೊತ್ತಿನಲ್ಲಿ ಹೊರಗೆ ಹೋಗಬೇಕಾದ ನೀರಿಗೆ ಬಾಗಿಲೇ ಮುಚ್ಚಿರುತ್ತದೆ, ತೇಲುವ ಮಾಲು ಒಳಗೇ ಸುತ್ತು ಹಾಕುತ್ತ ನಿಲ್ಲುತ್ತದೆ. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್ ಮುಂತಾದ ಕಡೆ ಪಂಪಿಂಗ್ ಸ್ಟೇಶನ್ ಕಟ್ಟಿದ್ದಾರೆ. ಪಂಪಿನ ಮುಂದಿನ ಸರಳುಗಳು ಗೋಣಿ, ಚಪ್ಪಲಿ, ದಿಂಬು ಹಿಡಿಯುತ್ತವೆ. ಹಾಲಿನ ಮೂಲೆ ಸರಳುಗಳ ನಡುವೆ ತಲೆ ಬಾಗಿಸದೆಯೇ ದಾಟುತ್ತದೆ.

ಚಾಲನೆ

ಯಂತ್ರ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬಯಸುವವರು ಮಳೆಗಾಲದಲ್ಲಿ, ಮಳೆ ಒಂದು ತಾಸು ಬಿಡುವು ಕೊಟ್ಟಾಗ, ಭರತ ತುಂಬುತ್ತಿರುವ ಹೊತ್ತಿಗೆ ಮಾಹಿಮ್‌ನ ದಂಡೆಗೆ ಬರಬೇಕು. ನದಿಯ ನೀರು ಸಿಹಿ, ಹಗುರ. ಕಡಲಿನದ್ದು ಉಪ್ಪು, ಭಾರ. ಎರಡೂ ಎದುರಾದಾಗ ಕೂಡಲೇ ಬೆರೆಯುವುದಿಲ್ಲ. ಕಡಲ ನೀರು ಅಡಿಗೆ ನುಸುಳುತ್ತದೆ, ಸಿಹಿನೀರು ಮೇಲೆ ಹಾಸಿಕೊಳ್ಳುತ್ತದೆ. ಇವೆರಡರ ಗಡಿಯಲ್ಲಿ ಎರಡೂ ಬದಿಯ ಮೇಲ್ಮೈ ನೀರು ಒಂದರ ಕಡೆಗೊಂದು ಸರಿದು ಕೆಳಗಿಳಿಯುತ್ತದೆ. ನೀರು ಇಳಿಯಬಲ್ಲದು, ತೇಲುವ ವಸ್ತು ಇಳಿಯಲಾರದು. ಅದು ಅಲ್ಲೇ ನಿಂತು ಸಾಲುಗಟ್ಟುತ್ತದೆ.

ಆ ಸಾಲನ್ನು ಹತ್ತಿರದಿಂದ ನೋಡಿ. ಒಂದು ಮಾರು ಅಗಲ, ಉದ್ದಕ್ಕೆ ಕಣ್ಣು ಹಾಯುವಷ್ಟು. ಕಾಫಿ ಬಣ್ಣದ ನೊರೆ. ನೊರೆಯಲ್ಲಿ ಸಿಕ್ಕಿಕೊಂಡ ಚೆಂಡುಹೂ, ಒಂಟಿ ರಬ್ಬರ್ ಚಪ್ಪಲಿ, ತೆಂಗಿನ ಸಿಪ್ಪೆ, ಥರ್ಮಾಕೋಲಿನ ಮುರಿದ ಅಂಚು, ಅದರಿಂದ ಉದುರಿದ ಬಿಳಿ ಗುಂಡುಗಳು, ಹಸಿರು ಹಗ್ಗದ ಎಳೆ, ಹಳದಿ ಸ್ಯಾಶೆ, ನೀಲಿ ತುದಿಯ ತ್ರಿಕೋನಗಳು. ಸಾಲಿನ ಆಚೆ ಎರಡು ಮಾರು ದೂರ ನೀರು ಖಾಲಿ. ಪ್ಲಾಸ್ಟಿಕ್ ಕಡಲಲ್ಲೆಲ್ಲ ಸಮನಾಗಿ ಹರಡಿದೆ ಎಂದುಕೊಂಡು ಒಂದು ಬಕೆಟ್ ನೀರು ಎತ್ತಿ ಅಳೆಯುವವರು ಈ ಸಾಲಿನ ಒಳಗೆ ಅದ್ದಿದರೋ ಹೊರಗೆ ಅದ್ದಿದರೋ ಎಂಬುದರ ಮೇಲೆ ಅವರ ಇಡೀ ಲೆಕ್ಕ ನಿಂತಿದೆ. ಮರಿ ಮೀನು, ಸಿಗಡಿಯ ಲಾರ್ವಾ, ಅವನ್ನು ತಿನ್ನುವ ಹಕ್ಕಿ, ಎಲ್ಲರೂ ಆಹಾರಕ್ಕೆ ಬರುವುದು ಇದೇ ಸಾಲಿಗೆ.

ಉಪ್ಪು ತಗುಲಿದಾಗ ಇನ್ನೊಂದು ಕೆಲಸವೂ ನಡೆಯುತ್ತದೆ. ನದಿ ತಂದ ನಯವಾದ ಜೇಡಿ ಕಣಗಳು ಉಪ್ಪುನೀರು ಸೇರುತ್ತಲೇ ಹಾಲಿಗೆ ನಿಂಬೆರಸ ಹಿಂಡಿದಂತೆ ಗರಣೆಗಟ್ಟುತ್ತವೆ. ಗರಣೆಯೊಳಗೆ ಬಟ್ಟೆ ಒಗೆದ ನೀರಿನ ಪಾಲಿಯೆಸ್ಟರ್ ನೂಲು, ಟಯರಿನ ಪುಡಿ, ಅತಿ ಸಣ್ಣ ಚೂರು ಎಲ್ಲ ಸಿಕ್ಕಿಕೊಂಡು ತಳಕ್ಕೆ ಇಳಿಯುತ್ತವೆ. ತೇಲುವ ದೊಡ್ಡ ಚೂರಿನ ಮೇಲೂ ಕೆಲವೇ ದಿನಗಳಲ್ಲಿ ಲೋಳೆ ಹತ್ತುತ್ತದೆ, ಪಾಚಿ ಹತ್ತುತ್ತದೆ, ಆಮೇಲೆ ಬಾರ್ನಕಲ್ ಕೂರುತ್ತದೆ. ಭಾರ ಹೆಚ್ಚಾಗಿ ಅದೂ ಮುಳುಗುತ್ತದೆ. ಭಾಂಗ್ ದಿನಗಳಲ್ಲಿ ಕೆಸರಿನಲ್ಲಿ ಮಲಗಿದ್ದು ಉಧಾಣ್ ಬಂದಾಗ ಮತ್ತೆ ಕದಡಿ ಮೇಲೇಳುತ್ತದೆ. ತೇಲುವುದು, ಮುಳುಗುವುದು ಎಂಬ ಎರಡೇ ಖಾತೆ ಬರೆದಿಟ್ಟುಕೊಂಡವರು ಸೋಲುವುದು ಇಲ್ಲಿ.

ಕಾಂಡ್ಲಾವನವನ್ನು ಶೇಖರಣಾ ಕೋಣೆಯಾಗಿ ಬಳಸಿ. ಧಾರಾವಿಯ ಬದಿಯಲ್ಲಿ ಹಳೆಯ ಕಸದ ಗುಂಡಿಯ ಮೇಲೆ ಬೆಳೆಸಿದ ಮಹಾರಾಷ್ಟ್ರ ನೇಚರ್ ಪಾರ್ಕಿನ ಅಂಚಿನಲ್ಲಿ, ವಿಕ್ರೋಲಿಯಲ್ಲಿ, ಠಾಣೆ ಖಾಡಿಯ ಉದ್ದಕ್ಕೂ ಈ ಮರಗಳಿವೆ. ಉಸಿರಾಡಲು ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡ ಬೇರುಗಳ ನಡುವೆ ಭರತದ ನೀರು ಮಾಲನ್ನು ಒಯ್ಯುತ್ತದೆ. ಇಳಿಯುವಾಗ ಅಲ್ಲಿ ನೀರಿಗೆ ವೇಗ ಸಾಲದು, ಮಾಲು ಅಲ್ಲೇ ಉಳಿಯುತ್ತದೆ. ಒಂದೊಂದು ಬೇರಿಗೂ ಒಂದೊಂದು ಚೀಲ ತೊಡಿಸಿದ ಮೇಲೆ ಕೋಣೆ ತುಂಬಿತೆಂದು ತಿಳಿಯಿರಿ. ಠಾಣೆ ಖಾಡಿಯಲ್ಲಿ ಈ ಸೌಲಭ್ಯಕ್ಕೆ ಸರ್ಕಾರದ ಮನ್ನಣೆಯೂ ಇದೆ: 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ, 2022ರಲ್ಲಿ ರಾಮ್ಸರ್ ತಾಣ. ಅದರ ಮಗ್ಗುಲಲ್ಲೇ 1927ರಿಂದ ಕಸ ಸುರಿಯುತ್ತಿರುವ ದೇವನಾರ್ ಗುಡ್ಡ. ಹಕ್ಕಿಗೂ ಕಸಕ್ಕೂ ಒಂದೇ ಪಿನ್‌ಕೋಡ್ ಸಾಕು ಎಂದು ಯಾರು ಯೋಚಿಸಿದರೋ.

ಪುಡಿ ಮಾಡುವ ಘಟಕ

ಈ ಘಟಕ ಜುಹೂ, ವರ್ಸೋವಾ, ದಾದರ್ ದಂಡೆಗಳಲ್ಲಿದೆ. ಪ್ಲಾಸ್ಟಿಕ್ ನೀರಿನಲ್ಲಿರುವಾಗ ಅಷ್ಟು ಬೇಗ ಒಡೆಯುವುದಿಲ್ಲ. ಒಡೆಯಲು ಬಿಸಿಲು, ಕಾವು, ಉಜ್ಜಾಟ ಮೂರೂ ಬೇಕು. ಮರಳಿನ ಮೇಲೆ ಮೂರೂ ಧಾರಾಳ. ಸೂರ್ಯನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಉದ್ದ ಸರಪಳಿಗಳನ್ನು ಕಡಿಯುತ್ತದೆ, ಚೂರು ಹಳದಿಯಾಗಿ ಗರಿಗರಿಯಾಗುತ್ತದೆ, ಕಾಲಿಟ್ಟರೆ ಚಟ್ ಎನ್ನುತ್ತದೆ. ಮುಂದಿನ ಉಧಾಣ್ ಆ ತುಣುಕುಗಳನ್ನು ಹೊತ್ತು ಮತ್ತೆ ನೀರಿಗಿಳಿಸುತ್ತದೆ.

ವರ್ಸೋವಾದಲ್ಲೇ ಇರುವ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ಸಂಶೋಧಕರು 2011-12ರಲ್ಲಿ ಮುಂಬಯಿಯ ಜನ ವಿಹಾರಕ್ಕೆ ಹೋಗುವ ಕಡಲ ದಂಡೆಗಳ ಮರಳನ್ನು ಜಾಲಾಡಿ ಲೆಕ್ಕ ಹಾಕಿದರು. ಸರಾಸರಿ ಒಂದು ಚದರ ಮೀಟರಿಗೆ ಸುಮಾರು 69 ಪ್ಲಾಸ್ಟಿಕ್ ತುಣುಕು, ಎಲ್ಲ ಸೇರಿ ತೂಕ ಏಳೂವರೆ ಗ್ರಾಂ. ಐದರಲ್ಲಿ ಎರಡು ಪಾಲು 5 ಮಿಲಿಮೀಟರಿಗಿಂತ ಸಣ್ಣವು. ಏಳೂವರೆ ಗ್ರಾಂ ಎಂದು ಕೇಳಿ ಮೂಗು ಮುರಿಯಬೇಡಿ, ಇಲ್ಲಿ ವ್ಯಾಪಾರ ನಡೆಯುವುದು ತೂಕದಲ್ಲಲ್ಲ, ಎಣಿಕೆಯಲ್ಲಿ.

5 ಮಿಲಿಮೀಟರಿಗಿಂತ ಸಣ್ಣದನ್ನೆಲ್ಲ ಮೈಕ್ರೊಪ್ಲಾಸ್ಟಿಕ್ ಎನ್ನುವುದು ರೂಢಿ. ಇಂಗ್ಲೆಂಡಿನ ಪ್ಲಿಮತ್‌ನ ರಿಚರ್ಡ್ ಥಾಂಪ್ಸನ್ 2004ರಲ್ಲಿ ತಮ್ಮ ಲೇಖನದಲ್ಲಿ ಬಳಸಿದ ಮೇಲೆ ಈ ಮಾತು ಊರೂರಿಗೆ ಹೋಯಿತು. ಮೇಲಿನ ಮಿತಿ ಒಪ್ಪಂದ, ಕೆಳಗಿನ ಮಿತಿ ಬಲೆಯ ಕಣ್ಣು. ತೇಲುವ ಚೂರು ಹಿಡಿಯಲು ದೋಣಿಯ ಹಿಂದೆ ಎಳೆಯುವ ಬಲೆಯ ಕಣ್ಣು ಸಾಮಾನ್ಯವಾಗಿ 0.33 ಮಿಲಿಮೀಟರ್. ಅದಕ್ಕಿಂತ ಸಣ್ಣದು, ತೆಳ್ಳನೆ ನೂಲು, ಬಲೆ ದಾಟಿ ಹೋಗುತ್ತದೆ, ವರದಿಯಲ್ಲಿ ಇಲ್ಲವೆಂದಾಗುತ್ತದೆ.

ಕೋಲಿಗಳ ಡೋಲ್ ಬಲೆ ಇದಕ್ಕಿಂತ ಹಳೆಯ ಉಪಕರಣ. ಚೀಲದ ಆಕಾರದ ಬಲೆಯ ಬಾಯಿಯನ್ನು ಭರತದ ಸೆಳೆತಕ್ಕೆ ಎದುರಾಗಿ ಕಟ್ಟಿ ಬಿಡುತ್ತಾರೆ. ನೀರು ತಾನಾಗಿ ಬೊಂಬಿಲ್ ಮೀನು, ಜವಳ ಸಿಗಡಿ ತುಂಬಿಸುತ್ತದೆ. ಸೆಳೆತ ನಿಂತ ಸ್ವಲ್ಪ ಹೊತ್ತಿನಲ್ಲಿ ಎಳೆದುಕೊಳ್ಳಬೇಕು. ಈಗ ಎಳೆದ ಬಲೆಯಿಂದ ಮೊದಲು ಬುಟ್ಟಿಗೆ ಬೀಳುವುದು ಮೀನಲ್ಲ, ಚೀಲಗಳು. ಅವನ್ನು ಬಿಡಿಸಿ ಹೆಕ್ಕುವುದಕ್ಕೆ ಕೂಲಿ ಕೊಡುವವರಿಲ್ಲ. ದೋಣಿಯಲ್ಲಿ ಇಡಲು ಜಾಗವಿಲ್ಲವೆಂದು ಮತ್ತೆ ನೀರಿಗೇ ಹಾಕಿದರೆ ಬೈಯಲು ನಾವು ತಯಾರಾಗಿರುತ್ತೇವೆ.

ಉಪ ಉತ್ಪನ್ನ: ಸಿಗಡಿ. ಈ ಕಡಲಿನ ಸಿಗಡಿಗಳ ಕರುಳಿನಲ್ಲಿ ಚೂರುಗಳು ಸಿಕ್ಕಿರುವುದನ್ನು ಸಂಶೋಧಕರು 2021ರಲ್ಲಿ ಪ್ರಕಟಿಸಿದ್ದಾರೆ. ಬೆನ್ನಿನ ಕಪ್ಪು ನರ ಎಳೆದು ತೆಗೆಯುವುದು ನಮ್ಮ ಕರಾವಳಿ ಅಡುಗೆಮನೆಯ ಹಳೆಯ ಪಾಠ, ಆ ನರವೇ ಕರುಳು. ತೆಗೆಯಿರಿ. ತೆಗೆದದ್ದನ್ನು ಸಿಂಕಿಗೆ ಹಾಕಿದರೆ ಚೂರು ಯಂತ್ರಕ್ಕೆ ಮರಳಿ ಸೇರುತ್ತದೆ.

ತೊಂದರೆಗಳು ಮತ್ತು ಪರಿಹಾರ

ದಂಡೆ ಇದ್ದಕ್ಕಿದ್ದಂತೆ ಸ್ವಚ್ಛ ಕಾಣುತ್ತಿದೆ. ವರ್ಸೋವಾದಲ್ಲಿ ಈ ದೋಷ ಮೊದಲು ಕಂಡದ್ದು 2015ರ ಅಕ್ಟೋಬರಿನಲ್ಲಿ. ಅಫ್ರೋಜ್ ಶಾಹ್ ಎಂಬ ವಕೀಲರು ಕೈಗವಸು ತೊಟ್ಟು ಕಸ ಎತ್ತಲು ಆರಂಭಿಸಿದರು, ವಾರವಾರ ಜನ ಕೂಡಿದರು, 2016ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. 2018ರ ಮಾರ್ಚಿನಲ್ಲಿ ಆಲಿವ್ ರಿಡ್ಲಿ ಆಮೆಯ ಮರಿಗಳು ಆ ಮರಳಿನಿಂದ ಎದ್ದು ಕಡಲಿಗೆ ನಡೆದವು. ಯಂತ್ರಕ್ಕೆ ಇದು ದೊಡ್ಡ ಪೆಟ್ಟೇ, ಏಕೆಂದರೆ ಎತ್ತಿದ ಪ್ರತಿ ಚೀಲವೂ ಪುಡಿಯಾಗದೆ ಉಳಿದ ಕಚ್ಚಾಮಾಲು. ಆದರೆ ಭರತದ ಗೆರೆಯ ಮರಳನ್ನು ಒಂದು ಬೊಗಸೆ ಎತ್ತಿ ಅಂಗೈಯಲ್ಲಿ ಹರಡಿ ನೋಡಿ. ಡ್ರಮ್ಮಿನ ನೀಲಿ ಚೂರು, ಥರ್ಮಾಕೋಲ್ ಗುಂಡು, ಬಲೆಯ ಹಸಿರು ಎಳೆ, ಪಾರದರ್ಶಕ ದಾಣಾ. ಕುಂಟೆಗೂ ಕೈಗವಸಿಗೂ ಸಿಗದ ದಾಸ್ತಾನು ಅದು.

ನಾಲೆಯ ಬಾಯಿಗೆ ಅಡ್ಡಲಾಗಿ ತೇಲುವ ಬೇಲಿ ಕಟ್ಟಿದ್ದಾರೆ. ಬೂಮ್ ಎನ್ನುವ ಈ ಬೇಲಿ ಬಾಟಲಿ, ಗೋಣಿ, ಜಲಕಳೆ ಹಿಡಿಯುತ್ತದೆ. ಕೂಡಿದ್ದನ್ನು ದಿನವೂ ಎತ್ತುವವರಿದ್ದರೆ ಒಳ್ಳೆಯ ಸಾಧನ, ಇಲ್ಲದಿದ್ದರೆ ಮಳೆ ಜೋರಾದ ದಿನ ಎಲ್ಲ ಒಟ್ಟಿಗೆ ಅಡಿಯಿಂದ ನುಸುಳುತ್ತದೆ. ಎತ್ತುವ ಗುತ್ತಿಗೆ ಯಾರದ್ದು, ಎಂದಿನ ತನಕ ಎಂದು ವಿಚಾರಿಸಿ, ಆಮೇಲೆ ಗಾಬರಿಯಾಗಿ.

ನಿಷೇಧ ಬಂದಿದೆ. ಮಹಾರಾಷ್ಟ್ರದಲ್ಲಿ 2018ರ ಜೂನ್ 23ರಿಂದ ಚೀಲ, ಥರ್ಮಾಕೋಲ್ ತಟ್ಟೆ ಇತ್ಯಾದಿಗಳಿಗೆ ನಿಷೇಧ ಜಾರಿಯಾಯಿತು. ಮೂರು ವಾರ ಕಳೆದು ಜುಲೈಯಲ್ಲಿ ದೊಡ್ಡ ಭರತ ಬಂದಾಗ ಕಡಲು ಮರೀನ್ ಡ್ರೈವಿನ ರಸ್ತೆಯ ಮೇಲೆ ಕಸದ ರಾಶಿ ಒಗೆಯಿತು, ನಿಷೇಧದ ಹಿಂದಿನ ಬಾಕಿ. ದೇಶಕ್ಕೆಲ್ಲ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳು ಬಂದ್. ಚೀಲದ ದಪ್ಪ 50 ಮೈಕ್ರಾನಿನಿಂದ 75ಕ್ಕೆ, ಅಲ್ಲಿಂದ 120ಕ್ಕೆ ಏರಿತು. ದಪ್ಪ ಚೀಲದಲ್ಲಿ ಪ್ಲಾಸ್ಟಿಕ್ ಹೆಚ್ಚಲ್ಲವೇ ಎಂದು ನಗುವವರಿದ್ದಾರೆ. ನಾನು ನಗುವುದಿಲ್ಲ. ದಪ್ಪ ಚೀಲವನ್ನು ಪುಕ್ಕಟೆ ಕೊಡುವುದು ಅಂಗಡಿಯವನಿಗೆ ಕಷ್ಟ, ಹೆಕ್ಕುವವನಿಗೆ ಅದು ಲಾಭ. ಈ ಯಂತ್ರ ನಿಜವಾಗಿ ಹೆದರುವುದಾದರೆ ಕಬಾಡಿಯವನು ಸೊಂಟ ಬಗ್ಗಿಸಿದಾಗ. ಸ್ಯಾಶೆಗೆ, ಹಾಲಿನ ಮೂಲೆಗೆ ಅವನು ಬಗ್ಗುವಂತೆ ಮಾಡುವ ನಿಯಮ ಇನ್ನೂ ಬಂದಿಲ್ಲ. ವಾರದ ಬಜಾರಿನಲ್ಲಿ ತೆಳು ಚೀಲ ಈಗಲೂ ತಕ್ಕಡಿಯ ಕೆಳಗಿನಿಂದ ಬರುತ್ತದೆ, ಕಚ್ಚಾಮಾಲಿಗೆ ಬರವಿಲ್ಲ.

ನಮ್ಮ ಖಾಡಿಗೆ ಸ್ಥಾನಮಾನವಿಲ್ಲ ಎಂಬ ಕೊರಗು. ಹಾಗೇನಿಲ್ಲ. 2021ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಜಗತ್ತಿನ ನದಿಗಳು ಕಡಲಿಗೆ ಸಾಗಿಸುವ ಪ್ಲಾಸ್ಟಿಕ್ಕಿನಲ್ಲಿ ಶೇಕಡಾ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳ ಪಾಲು. ದೊಡ್ಡ ನದಿಗಳಿಗಿಂತ ನಗರಗಳ ನಡುವೆ ಹರಿಯುವ ಚಿಕ್ಕ ನದಿಗಳದ್ದೇ ಮೇಲುಗೈ. ಆ ಪಟ್ಟಿಯ ಮೊದಲ ಕೆಲವು ಹೆಸರುಗಳಲ್ಲಿ ಉಲ್ಹಾಸ್ ಇದೆ. ಮನಿಲಾದ ಪಾಸಿಗ್ ಮಾತ್ರ ಬಹಳ ಮುಂದೆ.

ದೂರು ಮತ್ತು ಸೇವೆ

2005ರ ನೆರೆಯ ತರುವಾಯ ಮಿಠಿ ನದಿಗೆಂದೇ ಒಂದು ಪ್ರಾಧಿಕಾರ ರಚನೆಯಾಯಿತು. ಕೆಲಸವನ್ನು ಹಂಚಲಾಯಿತು: ವಿಹಾರ್‌ನಿಂದ ಕುರ್ಲಾದ ಸಿಎಸ್‌ಟಿ ರಸ್ತೆ ಸೇತುವೆ ತನಕದ 11.84 ಕಿಲೋಮೀಟರ್ ಮಹಾನಗರ ಪಾಲಿಕೆಗೆ, ಅಲ್ಲಿಂದ ಮಾಹಿಮ್ ಕಾಜ್‌ವೇ ತನಕದ 6 ಕಿಲೋಮೀಟರ್ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ (ಎಂಎಂಆರ್‌ಡಿಎ). ನೀರಿನ ಗುಣ ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಕಾಂಡ್ಲಾ ಮರ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ಸೆಲ್‌ನದ್ದು. ಮರಳಿನ ಮೇಲಿನ ಕಸ ಮತ್ತೆ ಪಾಲಿಕೆಯದ್ದು. ಹಾಲಿನ ಪ್ಯಾಕೆಟ್ಟಿನ ಮೂಲೆಯೊಂದು ಕುರ್ಲಾದ ಸೇತುವೆಯ ಕೆಳಗೆ ಇಳಿತದಲ್ಲಿ ಒಂದು ಕಚೇರಿಯ ಹದ್ದು ದಾಟಿ ಇನ್ನೊಂದಕ್ಕೆ ಹೋಗುತ್ತದೆ, ದಾರಿಯಲ್ಲಿ ಬೇರಿಗೆ ಸಿಕ್ಕಿದರೆ ಮೂರನೆಯದಕ್ಕೆ, ಭರತ ಬಂದರೆ ಮೊದಲನೆಯದಕ್ಕೆ ವಾಪಸು. ಆದಕಾರಣ ಅರ್ಜಿಯಲ್ಲಿ ಹೆಸರು, ವಿಳಾಸ, ವಾರ್ಡಿನ ಜೊತೆಗೆ, ಚೂರು ಕಂಡ ಹೊತ್ತಿನಲ್ಲಿ ಭರತವಿತ್ತೋ ಇಳಿತವಿತ್ತೋ ಎಂಬುದನ್ನು ಕಡ್ಡಾಯವಾಗಿ ನಮೂದಿಸಬೇಕು.